ಚೀಟಿ ಬರೆದವರ ಕಾಲಿಗೆ

೨೪ ಜೂನ್ ೧೯೫೭, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ಮುಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಮಹನೀಯರೇ, ಹಿಂದಿನ ಸಾಲಿನಲ್ಲಿ ಶೇಂಗಾ ತಿನ್ನುತ್ತಿರುವ ಮಹಾಜನರೇ! ಶಿವಪುತ್ರಪ್ಪ ಎಂಬ ಹೆಸರಿನ, ನಲವತ್ತಾರರ ವಯಸ್ಸಿನ, ಧಾರವಾಡದ ಬಿ.ಎ.ಯ, ಮಾಟುಂಗದ ಒಂಟಿ ಖೋಲಿಯ ಈ ಮಾಸ್ತರನ ದಿನಚರಿಯ ಅಹವಾಲನ್ನು ತಾವು ಶಾಂತಚಿತ್ತದಿಂದ ಕೇಳಬೇಕು.

ಇವತ್ತೂ ಲೋಕಲ್ ರೈಲಿನಲ್ಲಿ ಒಂಟಿಕಾಲಿನ ಮೇಲೆ ಕುರ್ಲಾ. ಹೋದ ನವೆಂಬರಿನಲ್ಲಿ ನಮ್ಮ ಬಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು. ನಾನು ಕುರ್ಲಾಕ್ಕೆ ಹೋಗುತ್ತಲೇ ಇದ್ದೇನೆ.

ಕುರ್ಲಾದ ನಮ್ಮ ಮುನ್ಸಿಪಾಲ್ಟಿ ಕನ್ನಡ ಶಾಲೆಗೆ ಈ ವರ್ಷ ಹೊಸ ಗ್ರಹಚಾರ. ಒಂದನೇ ಇಯತ್ತೆಯಿಂದ ನಾಲ್ಕನೆಯವರೆಗೆ — ಊಟದ ತನಕ ಅಕ್ಷರ, ಅಂಕೆ. ಊಟದ ಮೇಲೆ ಹಾಡು, ಕುಣಿತ, ಬಣ್ಣ, ಮಣ್ಣು. ದಿನಾಲೂ. ಒಂದು ವರ್ಷದ ಪ್ರಯೋಗವಂತೆ. ಬಣ್ಣ-ಮಣ್ಣು ಎಂಬ ಪ್ರಾಸಕ್ಕೆ ಮಾತ್ರ ನನ್ನ ಒಪ್ಪಿಗೆ. ನಮ್ಮ ಮುಖ್ಯೋಪಾಧ್ಯಾಯಿನಿ, ಹೆಡ್‌ಬಾಯಿ ಶೀಲಾವತಿಯವರಿಗೆ ಹಾಗೇ ಹೇಳಿದೆ. ಮಂಗಳೂರಿನವರು, ಮಾತು ಮೆದು, ಹುಕುಂ ಗಟ್ಟಿ.

“ಕ್ಲಾಸ್ ಟೀಚರೂ ಮಕ್ಕಳ ಜೊತೆ ಕೂತುಕೊಳ್ಬೇಕು ಮಾಸ್ಟ್ರೇ. ಕೂತುಕೊಂಡು ನಿದ್ದೆ ಮಾಡ್ಲಿಕ್ಕಿಲ್ಲ.”

ಅಲ್ಲಿಗೆ ನನ್ನ ಮಧ್ಯಾಹ್ನದ ನಿದ್ದೆ ಸರಕಾರದ ಪಾಲಾಯಿತು.

ಕುಣಿತಕ್ಕೆ ಬಂದವರು ಕೊರಗಪ್ಪ. ಉಡುಪಿಯ ಕಡೆಯವರು. ಮೊದಲು ಯಕ್ಷಗಾನದ ಮೇಳದಲ್ಲಿ ಕುಣಿದವರು, ಆಮೇಲೆ ಮಾಟುಂಗದ ಹೋಟೆಲಿನಲ್ಲಿ ದೋಸೆ ಹೊಯ್ದವರು. ದೋಸೆ ಮಗುಚುವಾಗಲೂ ತಾಳ ತಪ್ಪುತ್ತಿರಲಿಲ್ಲವಂತೆ. ಅವರೇ ಹೇಳಿದ್ದು.

೨ ಜುಲೈ, ಮಂಗಳವಾರ

ಹೊಸ ಪೈಸೆಯ ಲೆಕ್ಕ ಕಲಿಸಿದೆ. ಆಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಮಕ್ಕಳು ಬಾಯಿಪಾಠ ಒಪ್ಪಿಸಿದವು. ಬಾಗಿಲ ಕಡೆಯಿಂದ ಒಂದು ದನಿ:

“ಮಾಸ್ತರ್, ಆರು ನಾಕಲೆ ಇಪ್ಪತ್ನಾಕು. ಮತ್ತ ಒಂದ ಕಿಧರ್‌ಸೇ ಬಂತ್ರೀ?”

ಕಾಶವ್ವ. ಮೂರನೇ ಇಯತ್ತೆ. ಹೋದ ವರ್ಷವೆಲ್ಲ ಬಾಗಿಲಿಗೆ ಅಂಟಿ ಕೂತಿದ್ದ ಹುಡುಗಿ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ತಾಯಿ ಮಲ್ಲವ್ವ ನಮ್ಮ ಬಿಜಾಪುರದ ಕಡೆಯವಳೇ. ಇಲ್ಲೇ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಕೀಳುವ ಕೆಲಸ. ತಂದೆಯ ಸುದ್ದಿ ಯಾರೂ ಎತ್ತುವುದಿಲ್ಲ.

“ಆ ಒಂದು ಸರಕಾರ ಕೊಟ್ಟಿದ್ದವ್ವಾ” ಅಂದೆ. ನಂಬಲಿಲ್ಲ. ಜಾಣೆ.

ಮಧ್ಯಾಹ್ನ ಗೊತ್ತಾಯಿತು ಬಾಯಿ ಹೇಗೆ ಬಿಟ್ಟಿತು ಅಂತ. ಕೊರಗಪ್ಪ ಎಲ್ಲರ ಕೈಗೂ ಎರಡೆರಡು ಹಂಚಿನ ತುಂಡು ಕೊಟ್ಟು ತಾಳ ಹಾಕಿಸುತ್ತಾರೆ. ನಲವತ್ತು ಮಕ್ಕಳದು ಆಲಿಕಲ್ಲಿನ ಮಳೆ. ಕಾಶವ್ವನದು ಗಡಿಯಾರ. ತಾಳ ಹಾಕುತ್ತ ಮಗ್ಗಿ ಹೇಳುತ್ತಾಳೆ, ಪಾಠ ಓದುತ್ತಾಳೆ, ಓದುತ್ತ ಓದುತ್ತ ಬಾಗಿಲಿನಿಂದ ಮೂರು ಸಾಲು ಒಳಗೆ ಬಂದಿದ್ದಾಳೆ.

“ಈ ಹುಡುಗಿಯ ಕೈಯಲ್ಲಿ ಎಂತದೋ ಉಂಟು ಮಾರಾಯ್ರೆ” ಅಂದರು ಕೊರಗಪ್ಪ.

ಸಭಿಕರೇ, ಕಲೆಯ ವಿರುದ್ಧ ನನ್ನ ನಿಲುವು ಬದಲಾಗಿಲ್ಲ ಎಂದು ದಾಖಲಾಗಲಿ.

೯ ಜುಲೈ, ಮಂಗಳವಾರ

ಇವತ್ತು ನನ್ನ ವಿದ್ವತ್ತಿಗೆ ಕೆಲಸ ಸಿಕ್ಕಿತು. ಶುಕ್ರವಾರ ಕುಣಿತದ ಮಕ್ಕಳಿಗೆ ಮೊದಲ ಸಲ ಗೆಜ್ಜೆ ಕಟ್ಟುತ್ತಾರಂತೆ. ದೇವರ ಪಟದ ಮುಂದೆ ಇಟ್ಟು, ಅರಿಶಿನ-ಕುಂಕುಮ ಹಚ್ಚಿ. ಕೊರಗಪ್ಪನ ಮೇಳದಲ್ಲಿ ಅದು ದೊಡ್ಡ ಮರ್ಯಾದೆ. ತಾಯಂದಿರನ್ನೂ ಕರೆಯಬೇಕು. ಹೆಡ್‌ಬಾಯಿ, “ಚೀಟಿ ನೀವು ಬರೀರಿ ಮಾಸ್ಟ್ರೇ, ನಿಮ್ದು ಭಾಷೆ ಚಂದ” ಅಂದರು. ನಾನು ಉಬ್ಬಿದೆ. ಬರೆದೆ:

ಪುಟ್ಟ ಪುಟ್ಟ ಹೆಜ್ಜೆಗೆ
ಕಟ್ಟುತೇವೆ ಗೆಜ್ಜೆ!
ಶುಕ್ರವಾರ ಬನ್ನಿರಿ,
ಅರಿಶಿನ-ಕುಂಕುಮ ತನ್ನಿರಿ.

ಮಕ್ಕಳಿಂದಲೇ ನಕಲು ಮಾಡಿಸಿ ಮನೆಗೆ ಕಳಿಸಿದೆವು. ಹೆಜ್ಜೆ, ಗೆಜ್ಜೆ... ಮೂರನೆಯದೊಂದು ಪ್ರಾಸ ಬೇಕಿತ್ತು, ತಟ್ಟನೆ ಹೊಳೆಯಲಿಲ್ಲ.

೧೧ ಜುಲೈ, ಗುರುವಾರ

ಹೊಳೆಯಿತು. ಲಜ್ಜೆ.

ನಿನ್ನೆ ಕಾಶವ್ವ ಬರಲಿಲ್ಲ. ಇವತ್ತು ಮೊದಲ ಗಂಟೆಗೇ ಮಲ್ಲವ್ವ ಬಂದಳು. ಸೆರಗಿನ ತುಂಬ ಮೆಣಸಿನಕಾಯಿ ಘಾಟು. ಮುಂದಿನ ಸಾಲು ಸೀನಿತು. ಚೀಟಿಯನ್ನು ನನ್ನ ಮೇಜಿನ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು.

“ನನ್ನ ಮಗಳು ಹುಟ್ಟಿದಾಗಿಂದ ನನಗ ಓದಿ ಹೇಳಿದ್ದು ಇದೊಂದ ನೋಡ್ರಿ ಮಾಸ್ತರ. ಕುಣಕೋತ ಓದಿದ್ಲು. ಗೆಜ್ಜಿ ಕಟ್ಟತಾರವ್ವಾ, ಅರಿಶಿಣ ಕೊಡವ್ವಾ ಅಂತ.”

ಆಗ ನನಗೆ ತಲೆಯಲ್ಲಿ ದೀಪ ಹತ್ತಿತು. ತಡವಾಗಿ ಹತ್ತುವ ಮುನ್ಸಿಪಾಲ್ಟಿ ದೀಪ.

“ನೀವೂ ನಮ್ಮ ಕಡೆಯವ್ರ. ನಿಮಗ ಗೊತ್ತಿಲ್ಲೇನ್ರಿ? ನಮ್ಮ ಅಕ್ಕಗ ಹಿಂಗ ಅರಿಶಿಣ ಹಚ್ಚಿ, ಗೆಜ್ಜಿ ಕಟ್ಟಿ, ದೇವರಿಗಿ ಬಿಟ್ರು. ಆಮ್ಯಾಲ ಆಕಿ ಊರ ಮಂದಿ ಸೊತ್ತಾದ್ಲು. ಇಕಿನೂ ಬಿಡು ಅಂತ ನಮ್ಮವ್ವ ಗಂಟು ಬಿದ್ಲು ಅಂತ ಕೂಸಿನ್ನ ಎತ್ಕೊಂಡು ರೈಲು ಹತ್ತಿದೆ. ಊರಾಗಿಟ್ರ ಅಜ್ಜಿ ಕಟ್ಟತಾಳ, ಇಲ್ಲಿಟ್ರ ನೀವು ಕಟ್ಟತೀರಿ. ನನ್ನ ಮಗಳ ಕಾಲು ಎಲ್ಲಿ ಇಡ್ಲಿ ಹೇಳ್ರಿ?”

“ಇದು ಸಾಲಿ, ಮಲ್ಲವ್ವಾ, ಇದು ಕಲಾ...” ಅಂತ ಶುರು ಮಾಡಿದೆ.

“ಅವ್ರೂ ಸೇವಾ ಅಂತಿದ್ರು” ಅಂದಳು. ಹೋದಳು. ಇನ್ನು ಮೇಲೆ ಕಾಶವ್ವ ಗೋದಾಮಿಗೆ. ಶಾಲೆ ಸಾಕು.

ನಾಳೆಯ ಸಮಾರಂಭ ರದ್ದು. ಕೊರಗಪ್ಪನಿಗೆ ಹೇಳಿದರೆ ಅರ್ಥವೇ ಆಗಲಿಲ್ಲ. “ಎಂತ? ಗೆಜ್ಜೆ ಕಟ್ಟಿದ್ರೆ ಹಾಳಾಗುದಾ? ನಮ್ಮಲ್ಲಿ ಕಟ್ಟದಿದ್ರೆ ಹೆಣ್ಣು ಕೊಡ್ತಿರ್ಲಿಲ್ಲ!” ಅವರಿಗೆ ಗೊತ್ತಿರಲಿಲ್ಲ, ಸರಿ. ನನಗೆ ಗೊತ್ತಿರಬೇಕಿತ್ತು. ಪ್ರಾಸ ಕಂಡರೆ ನನಗೆ ಬೇರೇನೂ ಕಾಣುವುದಿಲ್ಲ.

೨೨ ಜುಲೈ, ಸೋಮವಾರ

ಇಷ್ಟು ದಿನ ಸಭೆ ಕರೆಯಲಿಲ್ಲ. ಮಳೆ. ಎರಡು ದಿನ ಲೋಕಲ್ ಇಲ್ಲ. ಇದ್ದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ.

ಕಾಶವ್ವನ ಜಾಗ ಖಾಲಿ. ಕೊರಗಪ್ಪನ ಕ್ಲಾಸಿನಲ್ಲಿ ಮತ್ತೆ ಆಲಿಕಲ್ಲು.

ಮಲ್ಲವ್ವ ಇರುವ ಚಾಳಿಗೆ, ಆ ವಠಾರಕ್ಕೆ, ಎರಡು ಸಲ ಹೋದೆ. ಮೊದಲನೇ ಸಲ ವಿದ್ಯೆಯ ಮಹತ್ವ ವಿವರಿಸಿದೆ. ಬಾಗಿಲು ಅರ್ಧ ತೆಗೆದಿತ್ತು, ಪೂರ್ತಿ ಹಾಕಿಕೊಂಡಿತು. ಎರಡನೇ ಸಲ ನಳದ ಹತ್ತಿರ ನೀರಿಗೆ ನಿಂತಿದ್ದಳು. “ಗೆಜ್ಜೆ ಬೇಡ, ಬರೇ ಓದಲಿಕ್ಕೆ ಕಳಿಸು” ಅಂದೆ. “ಇವತ್ತ ಬ್ಯಾಡ ಅಂತೀರಿ, ನಾಳೆ ಸಾಹೇಬ ಬಂದ್ರ ಬೇಕು ಅಂತೀರಿ” ಅಂದಳು. ಬರುವ ಆಗಸ್ಟ್ ಹದಿನೈದಕ್ಕೆ ಮುನ್ಸಿಪಾಲ್ಟಿಯ ಶಿಕ್ಷಣ ಸಾಹೇಬರು ಕುಣಿತ ನೋಡಲು ಬರುವುದು ಇವಳಿಗೆ ಯಾರು ಹೇಳಿದರು?

ಇವತ್ತು ಗೋದಾಮಿನ ದಾರಿಯಲ್ಲಿ ಬಂದೆ. ಮೆಣಸಿನಕಾಯಿ ರಾಶಿಯ ಪಕ್ಕ ಕಾಶವ್ವ. ಕಣ್ಣೂ ಅದೇ ಬಣ್ಣ. ತೊಟ್ಟು ಕೀಳುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಹತ್ತಿರ ಹೋಗಿ ಕೇಳಿಸಿಕೊಂಡೆ — ಆರು, ಹನ್ನೆರಡು, ಹತ್ತೊಂಬತ್ತು, ಇಪ್ಪತ್ತೈದು. ತಾಳ ತಪ್ಪಿರಲಿಲ್ಲ.

ನನ್ನನ್ನು ನೋಡಿ ಬಾಯಿ ಮುಚ್ಚಿದಳು. ಹೋದ ವರ್ಷದ ಹಾಗೆ.

ಘಾಟಿಗೆ ನನ್ನ ಕಣ್ಣಲ್ಲೂ ನೀರು ಬಂತು. ಘಾಟಿಗೇ.

೨೭ ಜುಲೈ, ಶನಿವಾರ

ಸಭಿಕರೇ, ಇವತ್ತು ಎದ್ದು ಕೂತು ಕೇಳಿ.

ಅರ್ಧ ದಿನದ ಶಾಲೆ ಮುಗಿಯುತ್ತಲೇ ಕೊರಗಪ್ಪ, “ನಡೀರಿ ಮಾಸ್ಟ್ರೇ, ನಾನು ಬರ್ತೇನೆ. ನೀವು ಮಾತಾಡ್ಬೇಡಿ” ಅಂದರು. ಬಗಲಲ್ಲಿ ಹಳೆ ಪೇಪರಿನ ಗಂಟು. ಚಾಳಿನ ನಳದ ಹತ್ತಿರ ಹೆಂಗಸರ ಪಾಳಿ. ಮಲ್ಲವ್ವ ನಮ್ಮನ್ನು ನೋಡಿ ಕೊಡ ಎತ್ತಿಕೊಂಡಳು. ಕೊರಗಪ್ಪ ಮೆಟ್ಟಿಲ ಮೇಲೆ ಕೂತು ಗಂಟು ಬಿಚ್ಚಿದರು. ಗೆಜ್ಜೆ! ಮುಗಿಯಿತು ಅಂದುಕೊಂಡೆ.

ಅವರು ಅದನ್ನು ತಮ್ಮ ಕಾಲಿಗೆ ಕಟ್ಟಿಕೊಂಡರು.

“ನೋಡಮ್ಮಾ, ನಮ್ಮ ಊರಲ್ಲಿ ಇದು ಗಂಡಸರದ್ದು. ನನಗೆ ಹನ್ನೆರಡು ವರ್ಷದಲ್ಲಿ ಕಟ್ಟಿದ್ದು. ಮದುವೆ ಆಯ್ತು, ಮೂರು ಮಕ್ಕಳು ಉಂಟು, ಮೀಸೆಯೂ ಉಂಟು.”

ಎದ್ದು ಕುಣಿದೇ ಬಿಟ್ಟರು. ಐವತ್ತರ ಆಸಾಮಿ, ಹೊಟ್ಟೆಯೂ ಜೊತೆಗೇ ಕುಣಿಯಿತು. ಕೊಡಗಳು ತುಂಬಿ ಹರಿದವು, ನಳ ಯಾರೂ ನಿಲ್ಲಿಸಲಿಲ್ಲ. ಮೇಲಿನ ಮಾಳಿಗೆಯ ಮರಾಠಿ ಅಜ್ಜಿಯೊಬ್ಬಳು “ಅಗಬಾಈ!” ಎಂದು ಕಟಾಂಜನಕ್ಕೆ ಜೋತುಬಿದ್ದಳು. ಮಲ್ಲವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ನಗು ಬಂದೇಬಿಟ್ಟಿತು.

ಕೊರಗಪ್ಪ ಏದುಸಿರು ಬಿಡುತ್ತ ಕೂತು ಗೆಜ್ಜೆ ಬಿಚ್ಚತೊಡಗಿದರು. ಮಲ್ಲವ್ವನ ನಗು ನಿಂತಿತು.

“ಬಿಚ್ಚತೀರಾ?”

“ಮತ್ತೆ? ಮಳೆಗಾಲ ಬಂತಂದ್ರೆ ಇಡೀ ಮೇಳವೇ ಬಿಚ್ಚುದು. ದೀಪಾವಳಿ ಕಳೆದ ಮೇಲೆ ಪುನಃ ಕಟ್ಟುದು. ಬೇಡ ಅಂದ್ರೆ ಕಟ್ಟಲಿಕ್ಕೇ ಇಲ್ಲ. ನಾನು ಬಿಚ್ಚಿ ಇಟ್ಟು ದೋಸೆ ಹೊಯ್ಲಿಲ್ವಾ?”

“ನಮ್ಮಲ್ಲಿ ಕಟ್ಟಿದ್ದು ಬಿಚ್ಚಂಗಿಲ್ರೀ” ಅಂದಳು. ಮೆಲ್ಲಗೆ. ಆ ಗೆಜ್ಜೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಮಗಳ ಕಾಲಿಗಿ ಬ್ಯಾಡ. ಆಕಿ ಕೈಯಾಗ ತಾಳ ಇರ್ಲಿ. ಗೆಜ್ಜಿ ಚೀಟಿ ಬರದವ್ರ ಕಾಲಿಗಿ ಕಟ್ರಿ. ನನ್ನ ಮುಂದ ಕಟ್ರಿ, ನನ್ನ ಮುಂದ ಬಿಚ್ರಿ. ಅವಾಗ ನಂಬತೀನಿ, ಸಾಲಿಗಿ ಕಳಸ್ತೀನಿ.”

“ಮಲ್ಲವ್ವಾ, ನಾ ಬಿ.ಎ. ...” ಅಂದೆ.

“ಬಿ.ಎ.ಕ್ಕ ಕಾಲಿಲ್ಲೇನ್ರಿ?”

ಚಾಳಿಗೆ ಚಾಳೇ ನಕ್ಕಿತು. ಕೊರಗಪ್ಪ ಜಾಸ್ತಿ ನಕ್ಕರು.

೫ ಆಗಸ್ಟ್, ಸೋಮವಾರ

ಹದಿನೈದಕ್ಕೆ ಎಲ್ಲರೆದುರು ನಾನು ಗೆಜ್ಜೆ ಕಟ್ಟಿ ಕುಣಿಯುವುದೆಂದು ಠರಾವಾಯಿತು. ತಾಲೀಮಿನ ಮಟ್ಟಿಗೆ ಮಲ್ಲವ್ವ ಕಾಶವ್ವನನ್ನು ಮಧ್ಯಾಹ್ನ ಕಳಿಸುತ್ತಿದ್ದಾಳೆ. ಬೆಳಿಗ್ಗೆ ಇನ್ನೂ ಗೋದಾಮು. ಹದಿನೈದರ ಮೇಲೆ ತೀರ್ಮಾನ.

ಶಿಕ್ಷೆ ಘೋರವಾಗಿದೆ ಸಭಿಕರೇ. ತಾಳ ಕಾಶವ್ವನದು. ಅವಳು ಎಡಗಾಲು ಅಂದರೆ ನನ್ನದು ಬಲಗಾಲು. “ಮಾಸ್ತರ್, ಗಲತ್! ಫಿರ್‌ಸೇ!” ಎಂದು ನನ್ನ ವಿದ್ಯಾರ್ಥಿನಿ. ನಾನು ಅವಳಿಗೆ ಹೇಳುತ್ತಿದ್ದುದನ್ನೆಲ್ಲ ಬಡ್ಡಿ ಸಹಿತ ತೀರಿಸುತ್ತಿದ್ದಾಳೆ. ಮೊಳಕಾಲಿಗೆ ಎಣ್ಣೆ ತಿಕ್ಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ ತಪ್ಪಿದರೆ ಮಗು ಮೆಣಸಿನಕಾಯಿಗೆ. ಇದಕ್ಕೆ ಪ್ರಾಸ ಹುಡುಕಲಿಲ್ಲ.

೧೫ ಆಗಸ್ಟ್, ಗುರುವಾರ, ಸಂಜೆ

ಆಯಿತು! ಆಯಿತು, ಆಯಿತು.

ಝಂಡಾ, ಭಾಷಣ, ಪೇಢೆ. ಸಾಹೇಬರು ಮುಂದಿನ ಕುರ್ಚಿಯಲ್ಲಿ, ತಾಯಂದಿರು ಜಮಖಾನೆಯ ಮೇಲೆ. ಮಲ್ಲವ್ವ ಬಾಗಿಲ ಹತ್ತಿರ, ಮಗಳು ಹೋದ ವರ್ಷ ಕೂರುತ್ತಿದ್ದ ಜಾಗದಲ್ಲೇ. ಎದ್ದು ಹೋಗಲು ಅನುಕೂಲವಾಗಲಿ ಅಂತ ಇರಬೇಕು.

ಕೊರಗಪ್ಪ ಎಲ್ಲರೆದುರು ನನ್ನ ಕಾಲಿಗೆ ಗೆಜ್ಜೆ ಕಟ್ಟಿದರು. ಅರಿಶಿನವಿಲ್ಲ, ಕುಂಕುಮವಿಲ್ಲ. ಧೋತರ ಮೊಳಕಾಲಿಗೆ. ನಾಲ್ಕನೇ ಇಯತ್ತೆಯವರು ಸಿಳ್ಳೆ ಹಾಕಿದರು. ಹೆಡ್‌ಬಾಯಿ ಸಾಹೇಬರ ಕಡೆ ನೋಡದೆ ಫ್ಯಾನಿನ ಕಡೆ ನೋಡಿದರು.

ಕಾಶವ್ವ ನಡುಮಧ್ಯೆ, ಸ್ಟೂಲಿನ ಮೇಲೆ. ಕೈಯಲ್ಲಿ ಹಂಚಲ್ಲ ಇವತ್ತು, ಕೊರಗಪ್ಪನ ಹಿತ್ತಾಳೆಯ ತಾಳ. ಹೊಡೆದಳು. ಹುಡುಗರು ಕುಣಿದರು, ಹುಡುಗರ ಹಿಂದೆ ನಾನು. ಒಂದು ಕಡೆ ತಪ್ಪಿದೆ. ಅವಳು ಒಂದು ಪೆಟ್ಟು ಎಳೆದು ನನಗಾಗಿ ಕಾದಳು. ಆರು ನಾಕಲೆ ಇಪ್ಪತ್ನಾಕು, ಮೇಲೊಂದು. ಆ ಒಂದು ಎಲ್ಲಿಂದ ಬರುತ್ತದೆ ಅಂತ ಈಗ ಗೊತ್ತಾಯಿತು.

ಸಾಹೇಬರು ಚಪ್ಪಾಳೆ ತಟ್ಟಿದರಂತೆ. ನಾನು ಬಾಗಿಲ ಕಡೆ ನೋಡುತ್ತಿದ್ದೆ. ಮಲ್ಲವ್ವ ಎದ್ದು ನಿಂತಿದ್ದಳು.

ಬಿಚ್ಚಲು ಹೋದರೆ ಗಂಟು ಬಿಗಿದಿದೆ! ಬೆವರಿಗೆ ಹುರಿ ಒದ್ದೆ. ಎಳೆದಷ್ಟೂ ಬಿಗಿ. ಕೊರಗಪ್ಪ ಬಗ್ಗಿದರು, ಆಗಲಿಲ್ಲ. ಮಲ್ಲವ್ವನ ಮುಖ ನೋಡಿದೆ. ಬಣ್ಣವೇ ಇರಲಿಲ್ಲ. ಇಡೀ ಕಾರ್ಯಕ್ರಮದಲ್ಲಿ ನನಗೆ ನಿಜವಾಗಿ ಬೆವರಿಳಿದದ್ದು ಆಗ. ಕಾಶವ್ವ ಸ್ಟೂಲಿನಿಂದ ಇಳಿದು ಬಂದು ಕೂತು ಉಗುರು ಹಾಕಿದಳು. ತೊಟ್ಟು ಕಿತ್ತು ಕಿತ್ತು ಗಟ್ಟಿಯಾದ ಉಗುರು. ಒಂದು ಕಾಲಿನದು ಬಿಚ್ಚಿತು. ಇನ್ನೊಂದರದೂ.

ಗೆಜ್ಜೆ ಎತ್ತಿಕೊಂಡು ಹೋಗಿ ಅವ್ವನ ಸೆರಗಿನಲ್ಲಿ ಇಟ್ಟಳು. “ಬಿಚ್ಚಿತಬೇ” ಅಂದಳು.

ಮಲ್ಲವ್ವ ಮುಟ್ಟಿ ನೋಡಿದಳು. ಒಂದು ಸಲ ಅಲ್ಲಾಡಿಸಿದಳು, ಝಲ್ ಅಂತ. ನನ್ನ ಕೈಗೆ ಕೊಟ್ಟಳು.

“ನಾಳೆ ಮುಂಜಾನಿಂದನ ಕಳಸ್ತೀನ್ರಿ ಮಾಸ್ತರ. ಪಾಟಿ ಒಡದೈತಿ, ಹೊಸಾದ ಕೊಡಸ್ತೀನಿ.”

ಬರುವಾಗ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತು. ಸ್ವಾತಂತ್ರ್ಯದ ಮಹಿಮೆ. ಗಾಡಿ ಕುಲುಕಿದಾಗೆಲ್ಲ ಚೀಲದಲ್ಲಿ ಝಲ್. ಎದುರಿನವನು ಆಡು ಇದೆಯೇನೋ ಅಂತ ಸೀಟಿನ ಕೆಳಗೆ ಬಗ್ಗಿ ನೋಡಿದ. “ಬಕರೀ ಹೈ ಕ್ಯಾ?” “ಬಕರೀ ನಹೀ, ಮಾಸ್ತರ್ ಹೈ” ಅಂದೆ. ಅವನು ಸರಿದು ಕೂತ.

ಮಾನ್ಯ ಅಧ್ಯಕ್ಷರೇ, ಮಹಾಜನರೇ, ಗೆಜ್ಜೆಯನ್ನು ಕೊರಗಪ್ಪನವರಿಗೆ ಹಿಂತಿರುಗಿಸಲು ಗಡಿಬಿಡಿಯಲ್ಲಿ ಮರೆತೆ. ನಾಳೆ ತಪ್ಪದೆ

ಮರೆತಿರಲಿಲ್ಲ.

ಅಧ್ಯಕ್ಷರೂ ಇಲ್ಲ, ಯಾರೂ ಇಲ್ಲ. ಬಾಗಿಲು ಹಾಕಿದ್ದೇನೆ. ಮತ್ತೆ ಕಟ್ಟಿಕೊಂಡಿದ್ದೇನೆ. ಯಾರೂ ಹೇಳಲಿಲ್ಲ, ಶಿಕ್ಷೆಯೂ ಅಲ್ಲ. ಯಾವತ್ತೂ ಶಿಕ್ಷೆಯಾಗಿರಲಿಲ್ಲ. ಬೇಕೆಂದಾಗ ಬಿಚ್ಚಬಹುದು. ಕೆಳಗಿನ ಖೋಲಿಯವರು ಇನ್ನೂ ಬಂದಿಲ್ಲ. ಅವರು ಬರುವಷ್ಟರಲ್ಲಿ ಇನ್ನೊಂದು ಸುತ್ತು —