ಎಲ್‌ಇಡಿ ಹಾಕಿಸಿದ ದಿನ

೬ ಫೆಬ್ರವರಿ, ಗುರುವಾರ

ಕಾರಿಗೆ ಇವತ್ತು ಎಲ್‌ಇಡಿ ಹೆಡ್‌ಲೈಟು ಹಾಕಿಸಿದೆ. ಹಳೆಯ ಬಲ್ಬಿನ ಮಂಕು ಬೆಳಕಿನಲ್ಲಿ ರಾತ್ರಿ ರಸ್ತೆಯೇ ಕಾಣುವುದಿಲ್ಲ ಎಂದು ತಿಂಗಳುಗಟ್ಟಲೆ ಗೊಣಗಿದ್ದೆ. ಎದುರಿನವರ ಕಣ್ಣಿಗೆ ಹೊಡೆಯದಂತೆ ಮೆಕ್ಯಾನಿಕ್ ಬೆಳಕನ್ನು ತಗ್ಗಿಸಿಯೂ ಕೊಟ್ಟ.

ಕತ್ತಲಾದ ಮೇಲೆ ಇವಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೊರಟೆ. ರಸ್ತೆಯ ಮೇಲೆ ಹಾಲು ಚೆಲ್ಲಿದ ಹಾಗಿತ್ತು. ಆದರೆ ಎದುರಿನಿಂದ ಲಾರಿಯೊಂದು ಬಂದದ್ದೇ ತಡ, ಅದರ ದೀಪಗಳು ಒಡೆದು ಹರಡಿದಂತಾಗಿ ನನಗೆ ರಸ್ತೆಯ ಅಂಚೇ ಮಾಯವಾಯಿತು.

"ರೀ, ಸೈಕಲ್ಲು!" ಎಂದು ಇವಳು ಕೂಗಿದಳು. ಬ್ರೇಕ್ ಒತ್ತಿದೆ. ಸೈಕಲ್ಲಿನವನು ಹಿಂತಿರುಗಿಯೂ ನೋಡದೆ ತನ್ನ ಪಾಡಿಗೆ ಹೋದ. ನಾನು ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದೆ.

"ಕೆಟ್ಟಿರೋದು ಲೈಟಲ್ಲ ಕಣೇ, ನನ್ನ ಕಣ್ಣು," ಎಂದೆ. ಟ್ಯಾಕ್ಸಿ ಓಡಿಸಿಯೇ ಸಂಸಾರ ಸಾಕಿದವನು ನಾನು.

ಇವಳು ಇಳಿದು, ಸುತ್ತಿ ಬಂದು, ನನ್ನ ಬಾಗಿಲು ತೆಗೆದಳು. "ಆ ಕಡೆ ಹೋಗಿ ಕೂತ್ಕೊಳ್ಳಿ. ನಾನು ಓಡಿಸ್ತೀನಿ."

ಮಗಳ ಹತ್ತಿರ ಕಲಿತವಳು. ನನ್ನನ್ನು ಕೂರಿಸಿಕೊಂಡು ಒಮ್ಮೆಯೂ ಓಡಿಸಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವಳೇ, "ದುಡ್ಡು ದಂಡ ಆಗ್ಲಿಲ್ಲ ಬಿಡಿ. ನಂಗಂತೂ ಹಗಲಿನ ಹಾಗೆ ಕಾಣ್ತಿದೆ," ಎಂದಳು. ನನಗೆ ನಗು ಬಂತು, ಕಣ್ಣೂ ತುಂಬಿತು.

ಮನೆ ಸೇರುವವರೆಗೂ ರಸ್ತೆ ಬಿಟ್ಟು ಅವಳನ್ನೇ ನೋಡಿದೆ. ತಿರುವು ಬಂದಾಗೆಲ್ಲ ಮಗುವಿನ ಹಾಗೆ ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಾಳೆ. ಇಷ್ಟು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ.

ನಾಳೆ ಕಣ್ಣಿನ ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋಗುತ್ತಾಳಂತೆ. ಪೊರೆ ಬಂದಿದ್ದರೆ ತೆಗೆಸಿದರಾಯಿತು ಎನ್ನುತ್ತಾಳೆ. ನನಗೆ ಹೆದರಿಕೆ ಇದೆ. ಆದರೂ ಇನ್ನೊಮ್ಮೆ ಅವಳ ಪಕ್ಕದಲ್ಲಿ ಹಾಗೆ ಕೂತು ಹೋಗುವುದೆಂದರೆ…