ಕನ್ನಡಕದವರ ಕುರ್ಚಿ

ರೀ,

ಸಂಘದ ಸಭೆಗೆ ಹೊರಟಿದ್ದೇನೆ, ಆರು ಗಂಟೆಗೆ ಬರುತ್ತೇನೆ. ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಬಟ್ಟೆ ಒಣಗಿದ್ದರೆ ಒಳಗೆ ತನ್ನಿ.

ನಿಮ್ಮ ರೆಕಾರ್ಡ್ ಪ್ಲೇಯರ್ ಮುಟ್ಟಿದವಳು ನಾನೇ. ಹೋದ ಭಾನುವಾರ ನೀವು ಸ್ನಾನಕ್ಕೆ ಹೋದಾಗ, ಮುಳ್ಳು ಹಿಡಿದಿರುವ ಆ ತೋಳಿನ ಸ್ಕ್ರೂ ಸಡಿಲಿಸಿ, ಅದನ್ನು ಎರಡು ಬೆಂಕಿಕಡ್ಡಿಯ ದಪ್ಪದಷ್ಟು ಎತ್ತರಿಸಿದೆ. ಹೊಟ್ಟೆಕಿಚ್ಚು ಅನ್ನಿ, ಒಪ್ಪುತ್ತೇನೆ. ಒಂದು ತಿಂಗಳಿಂದ ಆ ಕನ್ನಡಕದಂಗಡಿಯವರ ಜೊತೆ ತಲೆಗೆ ತಲೆ ಕೊಟ್ಟು ಆ ತೋಳಿನ ಎತ್ತರ ಅಳೆಯುತ್ತಿದ್ದೀರಿ. ಟೀ ತಂದುಕೊಟ್ಟು ಎರಡು ನಿಮಿಷ ನಿಂತರೆ, "ನಿನಗಿದೆಲ್ಲ ತಿಳಿಯಲ್ಲ ಬಿಡೇ" ಅಂತೀರಿ.

ಅವತ್ತು ಸಂಜೆ ನೀವು ರೆಕಾರ್ಡ್ ಹಾಕಿದಾಗ ಅವರು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಂಡು, "ಆಹಾ, ಈಗ ಬಂತು ನೋಡಿ ದನಿ!" ಅಂದರು. ನೀವೂ ತಲೆದೂಗಿದಿರಿ. ಪಾತ್ರೆ ತೊಳೆಯುತ್ತಿದ್ದ ನನಗೆ ಮಾತ್ರ ಮೊದಲ ಸಾಲಿಗೇ ಗೊತ್ತಾಯಿತು. ಹಾಡುವಾಕೆಯ ದನಿ ತೆಳ್ಳಗಾಗಿ, 'ಸ' ಬಂದಲ್ಲೆಲ್ಲ ಹಾವಿನಂತೆ ಬುಸುಗುಟ್ಟುತ್ತಿತ್ತು. ಎತ್ತರ ಹೆಚ್ಚುಕಡಿಮೆಯಾದರೆ ವ್ಯತ್ಯಾಸ ಗೊತ್ತಾಗುತ್ತದೋ ಇಲ್ಲವೋ ಅಂತ ಇಬ್ಬರೂ ಗಂಟೆಗಟ್ಟಲೆ ವಾದಿಸುತ್ತೀರಲ್ಲ, ಗೊತ್ತಾಗುತ್ತದೆ. ಕಿವಿಗೊಟ್ಟು ಕೇಳಬೇಕು, ಅಷ್ಟೆ.

ಹಳೆಯ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದೇನೆ. ನೀವು ಕೈ ಹಾಕಬೇಡಿ, ನಾನೇ ಬಂದು ಇಳಿಸುತ್ತೇನೆ. ಕನ್ನಡಕದವರ ಕುರ್ಚಿ ಇವತ್ತಿನಿಂದ ನನ್ನದು. ಇದು ಮನವಿಯಲ್ಲ, ಹಕ್ಕೊತ್ತಾಯ.

ಅವರು ಬಂದರೆ ಟೀ ನೀವೇ ಮಾಡಿಕೊಡಿ. ಅಡುಗೆಮನೆಯಲ್ಲಿ ನಿಂತು ಕುಡಿಯಲಿ. ಅಲ್ಲಿಗೂ ಚೆನ್ನಾಗಿಯೇ ಕೇಳಿಸುತ್ತದೆ.