ಹಿತ್ತಲಿಗೆ ಬಂದ ಚಕ್ರದ ಮನೆ

ಗುಂಡ್ಲುಪೇಟೆ
೨೩-೬-೧೯೯೬, ಭಾನುವಾರ

ಪ್ರೀತಿಯ ಅವ್ವನಿಗೆ ನಿನ್ನ ರಂಗರಾಜು ಮಾಡುವ ನಮಸ್ಕಾರಗಳು.

ಅವ್ವಾ, ನಿನ್ನ ಕೆಮ್ಮು ಹೇಗಿದೆ? ಮಳೆ ಹಿಡಿದ ಮೇಲೆ ಹೆಚ್ಚಾಗಿಲ್ಲ ತಾನೆ? ಚಾಮರಾಜನಗರದ ಡಾಕ್ಟರು ಕೊಟ್ಟ ಕೆಂಪು ಔಷಧಿ ಮುಗಿದಿದ್ದರೆ ಮಾದೇಶ್ ಭಾವನಿಗೆ ಹೇಳಿ ತರಿಸಿಕೋ, ಸಂಕೋಚ ಮಾಡಬೇಡ. ಚಂದಕವಾಡಿಯಲ್ಲಿ ಗಾಳಿ ಜಾಸ್ತಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗು. ಭಾನಕ್ಕ, ಈ ಕಾಗದವನ್ನು ಅವ್ವನಿಗೆ ನಿಧಾನವಾಗಿ ಓದು. ಹೋದ ಸಲ ನೀನು ಅರ್ಧ ಹಾರಿಸಿಬಿಟ್ಟೆ ಎಂದು ಭಾವ ಹೇಳಿದರು. ಈ ಸಲ ಒಂದು ಅಕ್ಷರ ಬಿಟ್ಟರೂ ಕಥೆ ಕೆಡುತ್ತದೆ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮೊಮ್ಮಗಳಿಗೆ ಕೆಳಗೆ ಎರಡು ಹಲ್ಲು ಬಂದಿವೆ. ತೆವಳಿಕೊಂಡು ಗ್ಯಾರೇಜಿನ ಬಾಗಿಲ ತನಕ ಬಂದುಬಿಡುತ್ತಾಳೆ, ಕೈಗೆ ಸಿಕ್ಕ ನಟ್ಟು ಬೋಲ್ಟೆಲ್ಲ ಬಾಯಿಗೇ. ಶಾಂತಿಗೆ ಅವಳನ್ನು ಕಾಯುವುದೇ ಒಂದು ಕೆಲಸ.

ಈಗ ಸುದ್ದಿ ಕೇಳು. ನಮ್ಮ ಹಿತ್ತಲಲ್ಲಿ ಇನ್ನೊಂದು ಮನೆ ನಿಂತಿದೆ! ಕಟ್ಟಿಸಿದ್ದಲ್ಲ, ಉರುಳಿಕೊಂಡು ಬಂದದ್ದು. ಎರಡು ಚಕ್ರ, ಒಂದು ಬಾಗಿಲು, ನಾಲ್ಕು ಕಿಟಕಿ, ಒಳಗೆ ಮಂಚ, ಒಲೆ, ಪಾತ್ರೆ ತೊಳೆಯುವುದಕ್ಕೆ ಸಣ್ಣ ತೊಟ್ಟಿ, ಬಟ್ಟೆ ಇಡುವುದಕ್ಕೆ ಬೀರು, ಎಲ್ಲ ಇದೆ. ಜೀಪಿನ ಹಿಂದೆ ಕಟ್ಟಿದರೆ ಅದರ ಪಾಡಿಗೆ ಅದು ಬರುತ್ತದೆ. ನೀನು ನಗುತ್ತಿದ್ದೀಯ ಎಂದು ಗೊತ್ತು. ಮೊದಲ ಸಲ ನೋಡಿದಾಗ ನಾನೂ ನಕ್ಕೆ.

ಈ ತಿಂಗಳ ನಾಲ್ಕನೇ ತಾರೀಖು, ಮಂಗಳವಾರ. ಊಟಿ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಗ್ಯಾರೇಜಿನ ಮುಂದೆ ಇಳಿದು, "ರಂಗರಾಜು, ಹಂಗಳದ ತಾವ ಒಂದು ಮನೆ ಕೆಟ್ಟು ನಿಂತದೆ ಕಣಪ್ಪ, ಬೇಗ ಓಗು" ಅಂದ. ಬೆಳಿಗ್ಗೆ ಬೆಳಿಗ್ಗೆಯೇ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಜಾಕು, ಸ್ಪ್ಯಾನರು ಮೊಪೆಡ್ಡಿಗೆ ಕಟ್ಟಿಕೊಂಡು ಹೋಗಿ ನೋಡುತ್ತೇನೆ, ರಸ್ತೆ ಪಕ್ಕದ ಹುಣಿಸೇಮರದ ಕೆಳಗೆ ಜೀಪು, ಅದರ ಹಿಂದೆ ಈ ಮನೆ. ಎಡಗಡೆ ಚಕ್ರದ ಬೇರಿಂಗ್ ಸುಟ್ಟು ಕರಕಲಾಗಿತ್ತು. ಗಾಡಿಯವರಿಗೆ ಮಾತ್ರ ಗಾಬರಿಯೇ ಇಲ್ಲ. ಒಳಗಿನಿಂದ ಒಗ್ಗರಣೆ ವಾಸನೆ ಬರುತ್ತಿದೆ! ಕಿಟಕಿಯಲ್ಲಿ ಒಬ್ಬ ಹೆಂಗಸು ಮುಖ ಹಾಕಿ, "ಬನ್ನಿ, ಮೊದಲು ಉಪ್ಪಿಟ್ಟು ತಿನ್ನಿ, ಆಮೇಲೆ ರಿಪೇರಿ" ಎಂದರು.

ಅವರ ಹೆಸರು ಚಂದ್ರಮತಿ. ಯಜಮಾನರು ನೀಲಕಂಠಸ್ವಾಮಿ, ಮೈಸೂರಿನವರು, ರಸ್ತೆ ಸೇತುವೆ ಕಟ್ಟಿಸುವ ಇಂಜಿನಿಯರಾಗಿದ್ದು ರಿಟೈರಾದವರು. ಕೆಲಸದಲ್ಲಿದ್ದಷ್ಟು ಕಾಲವೂ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಊರೂರು ಅಲೆದರಂತೆ. ಅದಕ್ಕೇ ರಿಟೈರಾದ ಮೇಲೆ ಮನೆಯನ್ನೇ ಕಟ್ಟಿಕೊಂಡು ಹೋಗೋಣ ಎಂದು, ಲಾರಿಗೆ ಬಾಡಿ ಕಟ್ಟುವವರ ಹತ್ತಿರ ದಿನವೂ ಎದುರಿಗೆ ನಿಂತು ಇದನ್ನು ಮಾಡಿಸಿದರಂತೆ. ಆರು ವರ್ಷ ಇಬ್ಬರೇ ಸುತ್ತಿದ್ದಾರೆ. ಮೈಸೂರಿನಿಂದ ಬೇರಿಂಗ್ ತರಿಸಿ ಹಾಕುವಷ್ಟರಲ್ಲಿ ಮಾರನೇ ದಿನ ಮಧ್ಯಾಹ್ನ ಆಯಿತು. ಅಷ್ಟು ಹೊತ್ತೂ ಅವರು ಅಲ್ಲೇ ಮರದಡಿ ಸಂಸಾರ ಮಾಡಿಕೊಂಡಿದ್ದರು. ಹೊರಡುವ ಹೊತ್ತಿಗೆ ಚಂದ್ರಮತಿಯಮ್ಮ ಗಾಡಿಯ ಬಾಗಿಲು ಸವರಿ, "ಇದೇ ಕೊನೆ ಕಣ್ರೀ, ನನ್ನ ಸೊಂಟ ಇನ್ನು ತಡೆಯೋಲ್ಲ" ಎಂದರು. ಮೈಸೂರಿಗೆ ಒಯ್ದರೆ ನಿಲ್ಲಿಸಲು ಜಾಗವಿಲ್ಲ ಎಂದರು ಯಜಮಾನರು. ಗಾಡಿ ನಿಲ್ಲಿಸುತ್ತಿದ್ದ ಪಕ್ಕದ ಸೈಟಿನಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರಂತೆ, ರಸ್ತೆಯಲ್ಲಿ ನಿಲ್ಲಿಸಿದರೆ ಬೀದಿಯವರ ತಕರಾರು. ಮಾರೋಣ ಎಂದರೆ ಕೊಳ್ಳಲು ಬಂದವನು ಕೋಳಿ ಸಾಗಿಸುವುದಕ್ಕೆ ಕೇಳಿದನಂತೆ. ಅದನ್ನು ಹೇಳುತ್ತ ಅವರು ಕಿಟಕಿಯ ಧೂಳು ಒರೆಸಿದರು. ನನಗೆ ಏನಾಯಿತೋ, ಹಿಂದೆ ಮುಂದೆ ನೋಡದೆ ಅಂದುಬಿಟ್ಟೆ, "ನಮ್ಮ ಹಿತ್ತಲಲ್ಲಿ ನಿಲ್ಸನ ಬುಡಿ ಸಾರ್. ನಾನ್ ನೋಡ್ಕತೀನಿ."

ಮನೆಗೆ ಬಂದು ಹೇಳಿದರೆ ಶಾಂತಿ ರಾಗಿಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. "ಮನುಸ್ರಿಗೇ ಜಾಗ ಇಲ್ಲ ಅಂತ ಅತ್ತೆ ಊರು ಬುಟ್ರು. ನೀನು ಇನ್ನೊಂದು ಮನೆ ತಂದು ಎಲ್ಲಿ ಮಡುಗ್ತೀಯ?" ನಾನು ತಲೆ ತಗ್ಗಿಸಿಕೊಂಡು ಉಂಡೆ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು?

ಆಮೇಲೆ ಟೇಪು ಹಿಡಿದು ಅಳೆದೆ. ಹಿತ್ತಲಲ್ಲೇನೋ ಧಾರಾಳ ಜಾಗ, ಹೋಗುವ ಓಣಿ ಮಾತ್ರ ಆರಡಿ. ಗಾಡಿ ಏಳಡಿ ಅಗಲ! ಉಳಿದದ್ದು ಒಂದೇ ದಾರಿ, ದೊಡ್ಡಮಲ್ಲಪ್ಪನವರ ಅರಿಸಿನ ಒಣಗಿಸುವ ಕಣ. ಬಚ್ಚಲ ನೀರಿನ ಜಗಳ ಆದಾಗಿನಿಂದ ಅವರು ಮುಳ್ಳುಬೇಲಿ ಹಾಕಿದ್ದಾರೆ, ಎರಡು ವರ್ಷದಿಂದ ಎರಡು ಮನೆಗೂ ಮಾತಿಲ್ಲ, ನಿನಗೆ ಗೊತ್ತೇ ಇದೆ. ಅವರ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದೆ. ದೊಡ್ಡಮಲ್ಲಪ್ಪನವರು ಬಾಗಿಲ ಒಳಗೆ ತಿರುಗಿ ನೋಡಿದರು. ಒಳಗಿನಿಂದ ಅವರ ಹೆಂಡತಿ ಚಿಕ್ಕಮಲ್ಲಮ್ಮನವರೇ ಬಂದರು. "ನಿಮ್ಮವ್ವ ಎಲ್ಲೋದ್ಲು ಅಂತ ಒಬ್ರಾದ್ರೂ ನಂಗೇಳಿದ್ರಾ? ಮೂರು ತಿಂಗಳಾಯ್ತು, ಆ ಹಿತ್ಲಲ್ಲಿ ಒಂದು ದನಿ ಇಲ್ಲ. ಜಗಳ ಆಡಕಾದ್ರೂ ಒಂದು ಜನ ಬ್ಯಾಡ್ವ?" ಅವ್ವಾ, ನೀನು ಭಾನಕ್ಕನ ಮನೆಯಲ್ಲಿದ್ದೀಯ ಎಂದು ಹೇಳಿದೆ. ಅವರು ಗಂಡನ ಕಡೆ ತಿರುಗಿ, "ಬೇಲಿ ತೆಗ್ಸಿ" ಎಂದರು. ಅಷ್ಟೇ. ಅವರ ಟ್ರ್ಯಾಕ್ಟರನ್ನೂ ಕೊಟ್ಟರು.

ಗುರುವಾರ ಬೆಳಿಗ್ಗೆ, ರಾತ್ರಿ ಯಜಮಾನರು ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದ್ದ ಗಾಡಿ ನೋಡಲು ಬೀದಿಗೆ ಬೀದಿಯೇ ಸೇರಿತ್ತು. ಟ್ರ್ಯಾಕ್ಟರು ಓಡಿಸುವ ಬೆಟ್ಟಯ್ಯ ನಿನಗೆ ಗೊತ್ತಲ್ಲ, ಕಬ್ಬಿನ ಲೋಡು ಇಟ್ಟುಕೊಂಡು ಸಂದುಗೊಂದಿಯಲ್ಲೆಲ್ಲ ನುಗ್ಗುವ ಆಸಾಮಿ. ಅವನಿಗೂ ಇದು ಬಗ್ಗಲಿಲ್ಲ. ಹಿಂದಕ್ಕೆ ತಳ್ಳುವಾಗ ಅವನು ಬಲಕ್ಕೆ ತಿರುಗಿಸಿದರೆ ಇದು ಎಡಕ್ಕೆ ಓಡುತ್ತದೆ, ಎಡಕ್ಕೆ ತಿರುಗಿಸಿದರೆ ಬಲಕ್ಕೆ. ನೋಡುವವರೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ. ಕೊನೆಗೆ ಬೆಟ್ಟಯ್ಯ ಟವಲು ಒದರಿಕೊಂಡು ಇಳಿದ, "ಇದು ಎಂಡ್ತಿ ಇದ್ದಂಗದೆ ಕಣ್ಲಾ, ಏಳಿದ್ ಕಡೆ ಬರಕಿಲ್ಲ!" ಜನ ಬಿದ್ದು ಬಿದ್ದು ನಕ್ಕರು. ಕೊಂಡಿ ಬಿಚ್ಚಿ ಕೈಯಲ್ಲೇ ತಳ್ಳೋಣ ಎಂದು ಹತ್ತು ಹನ್ನೆರಡು ಜನ ನಿಂತೆವು.

ಆಗ ಆದದ್ದನ್ನು ಹೇಳುತ್ತೇನೆ, ಹೆದರಬೇಡ, ಎಲ್ಲ ಕ್ಷೇಮವಾಗಿಯೇ ಮುಗಿಯಿತು. ಕಣದಿಂದ ನಮ್ಮ ಹಿತ್ತಲಿಗೆ ಸ್ವಲ್ಪ ಇಳಿಜಾರಲ್ಲವೇ? ಹಿಂದಿನ ದಿನ ಹನಿ ಬಿದ್ದು ನೆಲ ಜಾರುತ್ತಿತ್ತು. ಬೇಲಿ ತೆಗೆದ ಜಾಗ ದಾಟಿದ್ದೇ ತಡ, ಗಾಡಿ ನಮ್ಮ ಕೈ ಬಿಡಿಸಿಕೊಂಡು ನೇರವಾಗಿ ಅಡುಗೆಮನೆಯ ಹಿಂದಿನ ಗೋಡೆಯ ಕಡೆಗೆ ಹೊರಟಿತು. ಆ ಗೋಡೆಯ ಒಳಮಗ್ಗುಲಲ್ಲೇ ತೊಟ್ಟಿಲು, ಮಗು ಮಲಗಿತ್ತು. ಶಾಂತಿ ಬೀದಿ ಬಾಗಿಲಲ್ಲಿದ್ದಳು. ಅವಳು ಚೀರಿದ್ದು ಕೇಳಿಸಿತು. ನನಗೆ ಬೇರೇನೂ ಕಾಣಲಿಲ್ಲ. ಒರಳಿನ ಪಕ್ಕದಲ್ಲಿ ಬಿದ್ದಿದ್ದ ಸೌದೆಯ ಬೊಡ್ಡೆಯನ್ನು ಬಾಚಿ ಚಕ್ರದ ಕೆಳಕ್ಕೆ ಎಸೆದೆ. ಒಂದು ಚಕ್ರ ತಡೆಯಿತು, ಗಾಡಿ ಓರೆಯಾಗಿ ಇನ್ನೊಂದು ಮಗ್ಗುಲಿಗೆ ತಿರುಗಿತು. ಅಷ್ಟರಲ್ಲಿ ಅಡ್ಡ ಬಂದು ಹೆಗಲು ಕೊಟ್ಟವರು ಯಾರು ಗೊತ್ತೇ? ದೊಡ್ಡಮಲ್ಲಪ್ಪನವರು! ಅರವತ್ತು ದಾಟಿದ ಮನುಷ್ಯ, ಕಾಲು ಕೆಸರಿನಲ್ಲಿ ಊರಿ, "ಇಡೀರ್ಲಾ, ಒಳಗೆ ಮಗು ಅದೆ!" ಎಂದು ಕೂಗಿಕೊಂಡರು. ಎಲ್ಲರೂ ಬಂದು ಬಿದ್ದರು. ಗೋಡೆಗೆ ಒಂದು ಗೇಣು ಉಳಿದಿತ್ತು. ಒಳಗೆ ಹೋಗಿ ನೋಡಿದರೆ ನಿನ್ನ ಮೊಮ್ಮಗಳು ಎದ್ದು ತೊಟ್ಟಿಲ ಗಿಲಕಿ ಹಿಡಿದುಕೊಂಡು ಆಡುತ್ತಿದ್ದಾಳೆ. ದೊಡ್ಡಮಲ್ಲಪ್ಪನವರ ಹೆಗಲು ತರಚಿತ್ತು. ಶಾಂತಿಯೇ ಅರಿಸಿನ ಹಚ್ಚಿದಳು, ಅವರು ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿದರು. ಬೇಲಿಯನ್ನು ಮತ್ತೆ ಯಾರೂ ಹಾಕಿಲ್ಲ.

ಗಾಡಿ ನಿಲ್ಲಿಸುವುದೂ ಒಂದು ವಿದ್ಯೆ ಅವ್ವಾ. ನೀಲಕಂಠಸ್ವಾಮಿಯವರು ಬಗ್ಗಿ ಬಗ್ಗಿ ಎಲ್ಲ ತೋರಿಸಿದರು. ಟೈರಿನ ಮೇಲೆ ಭಾರ ಬೀಳದ ಹಾಗೆ ಕೆಳಗೆ ನಾಲ್ಕು ಮೂಲೆಗೂ ಕಲ್ಲು, ಕಲ್ಲಿನ ಮೇಲೆ ಹಲಗೆ. ಮಳೆನೀರು ಮೇಲೆ ನಿಲ್ಲದಂತೆ ಒಂದು ಕಡೆ ಎರಡು ಬೆರಳು ತಗ್ಗು. ಸಿಲಿಂಡರು, ಬ್ಯಾಟರಿ ಹೊರಗೆ. ಟೈರಿಗೆ ಬಿಸಿಲು ಬೀಳದಂತೆ ಗೋಣಿಚೀಲ. ಟಾರ್ಪಾಲು ಹೊದಿಸು, ಆದರೆ ಗಾಳಿಯಾಡುವುದಕ್ಕೆ ಸಂದು ಬಿಡು ಎಂದೂ ಹೇಳಿದ್ದರು. ನಾನು ಮಳೆಗೆ ಹೆದರಿ, ದೊಡ್ಡವರ ವಸ್ತು ಹಾಳಾಗಬಾರದು ಎಂದು ಗಂಟು ಕಟ್ಟಿದ ಹಾಗೆ ಬಿಗಿದುಬಿಟ್ಟೆ. ಒಂದು ವಾರ ಜಡಿಮಳೆ. ಬಿಚ್ಚಿ ನೋಡಿದರೆ ಒಳಗೆಲ್ಲ ಮುಗ್ಗಲು ವಾಸನೆ, ಹಾಸಿಗೆಯ ಮೇಲೆ ಬೂಷ್ಟು, ಒಂದು ಮೂಲೆಯಲ್ಲಿ ಇಲಿ ಗೂಡು ಕಟ್ಟಿ ದಿಂಬಿನ ಹತ್ತಿಯನ್ನೆಲ್ಲ ಎಳೆದಿದೆ. ಮುಚ್ಚಿಡಬಹುದಿತ್ತು. ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕಾರ್ಡಿನಲ್ಲಿ ಬರೆದು ಹಾಕಿದೆ.

ಮೊನ್ನೆ ಗುರುವಾರ ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ಬಂದರು. ಬೈಯುತ್ತಾರೆ ಎಂದು ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಅಷ್ಟರಲ್ಲಾಗಲೇ ಶಾಂತಿ ಹಾಸಿಗೆ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪಿನ ಹೊಗೆ ಕೊಟ್ಟು, ಒಳಗೆಲ್ಲ ಒರೆಸಿ, ಕಿಟಕಿ ಪರದೆ ಒಗೆದು ಹಾಕಿದ್ದಳು. ಚಂದ್ರಮತಿಯಮ್ಮ ಒಳಗೆ ಹೋಗಿ ಕಿಟಕಿ ಪಕ್ಕದ ಮಂಚದ ಮೇಲೆ ಕೂತರು. ಯಜಮಾನರು ಹೊರಗೆ ಬಂದು, "ತಪ್ಪು ನಿಂದಲ್ಲ ಕಣಯ್ಯ. ಜನ ಇರೋದಕ್ಕೆ ಮಾಡಿಸಿದ್ದು ಇದು. ದಿನಾ ಬಾಗಿಲು ತೆಗೆಯೋರು, ಗುಡಿಸೋರು, ರಾತ್ರಿ ಒಂದು ದೀಪ ಹಚ್ಚೋರು ಬೇಕು. ನಿಮ್ಮ ಮನೇಲೇ ಯಾರಾದ್ರೂ ಇದ್ರಲ್ಲಿ ಇರಬಾರದಾ? ನಾವಿನ್ನು ಇದನ್ನ ತಗೊಂಡು ಹೋಗೋಲ್ಲ" ಎಂದರು. ನನಗೆ ತಟ್ಟನೆ ನಿನ್ನ ನೆನಪೇ ಬಂತು. ಬಾಯಿ ತೆರೆಯುವಷ್ಟರಲ್ಲಿ ಶಾಂತಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮುಂದೆ ಬಂದು, "ನಾವೇ ಇರ್ತೀವಿ ಸಾರ್" ಎಂದಳು. ಚಂದ್ರಮತಿಯಮ್ಮ ಕಿಟಕಿಯಿಂದ ಕೈ ಚಾಚಿ ಮಗುವಿನ ಕೆನ್ನೆ ಮುಟ್ಟಿದರು. ಹೋಗುವಾಗ ಬೀಗದ ಕೈ ಎರಡನ್ನೂ ಶಾಂತಿಯ ಕೈಗೇ ಕೊಟ್ಟು ಹೋದರು!

ಭಾವನಿಗೆ, ಭಾನಕ್ಕನಿಗೆ, ಮಕ್ಕಳಿಗೆ ನನ್ನ ನೆನಪುಗಳು. ಚಿಕ್ಕಮಲ್ಲಮ್ಮನವರು ನಿನ್ನನ್ನು ಕೇಳಿದರು ಎಂದು ಬರೆಯಲೇಬೇಕಂತೆ, ಬರೆದಿದ್ದೇನೆ. ನಿನ್ನ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ.

ಇಂತಿ ನಿನ್ನ ಮಗ,
ರಂಗರಾಜು

ಮರೆತಿದ್ದೆ: ಭಾನಕ್ಕ, ಇದನ್ನು ಗಟ್ಟಿಯಾಗಿ ಓದು. ಅವ್ವಾ, ಗಾಡಿಯಲ್ಲಿ ನೀನಿರಲಿ ಎಂದು ನಾನು ಯೋಚಿಸಿದ್ದಕ್ಕೆ ಶಾಂತಿ ಆ ರಾತ್ರಿ ನನ್ನನ್ನು ಚೆನ್ನಾಗಿ ಬೈದಳು. "ಅತ್ತೇನ ಕರ್ಕಬಂದು ಹಿತ್ಲಲ್ಲಿ ಮಡುಗ್ತೀಯ? ಅವ್ರ ಮನೇಲಿ ಅವ್ರಿರ್ಲಿ, ಗಾಡೀಲಿ ನಾವ್ ಮಲಗನ" ಎಂದಳು. ಮೂರು ರಾತ್ರಿಯಿಂದ ನಾವು ಮೂವರೂ ಅಲ್ಲೇ ಮಲಗುತ್ತಿದ್ದೇವೆ. ಒಳಮನೆ ಸುಣ್ಣ ಹೊಡೆದು ಖಾಲಿ ಇದೆ. ಮಾರ್ಚಿನಲ್ಲಿ ನೀನು, "ಮಗೀಗೆ ಜಾಗ ಆಗ್ಲಿ, ನಾ ಭಾನು ತಾವ್ಕೆ ಓಯ್ತೀನಿ" ಎಂದು ಬಟ್ಟೆ ಗಂಟು ಕಟ್ಟಿದಾಗ ನಾನು ಬೇಡ ಅನ್ನಲಿಲ್ಲ. ಬಸ್ಸು ಹತ್ತಿಸಿ ಬಂದುಬಿಟ್ಟೆ. ಬೇಡ ಅನ್ನಬೇಕಿತ್ತು. ಬರುವ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನೇ ಚಂದಕವಾಡಿಗೆ ಬರುತ್ತೇನೆ. ಎದ್ದು ನನ್ನ ಜೊತೆ ಬಾ ಅವ್ವಾ.